ಒಬ್ಬನೇ ಹೊರಲಾರೆ: ಮರೆವಿನ ಕಾಯಿಲೆ ಇರುವ ಮನೆಗಳಿಗಾಗಿ ಒಂದು ಪಾಠ

ಯುವಜನರ ಶನಿವಾರದ ಸತ್ಯವೇದ ಅಧ್ಯಯನ
ಓದುವ ಭಾಗ: ಅರಣ್ಯಕಾಂಡ 11:10-30

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಇದೆ. ಅರಣ್ಯಕಾಂಡ 11ನೇ ಅಧ್ಯಾಯ ತೆಗೆಯಿರಿ. ಫೋನಿನಲ್ಲಿ ಓದೋರು ಓದಿ, ಆದ್ರೆ ವಾಟ್ಸಾಪ್ ಮುಚ್ಚಿಡಿ.

ಕೆಲವು ವಾರಗಳ ಹಿಂದೆ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಂಗಿ ಮೆಟ್ಟಿಲ ಹತ್ರ ನನಗೋಸ್ಕರ ಕಾಯ್ತಾ ನಿಂತಿದ್ದಳು. ಅವಳ ಅನುಮತಿ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಅವಳ ತಾಯಿಗೆ ಮರೆವಿನ ಕಾಯಿಲೆ. ಅಣ್ಣ ವಿದೇಶದಲ್ಲಿದ್ದಾನೆ, ತಿಂಗಳಿಗೆ ದುಡ್ಡು ಕಳಿಸ್ತಾನೆ, ಭಾನುವಾರ ವಿಡಿಯೋ ಕಾಲ್ ಮಾಡ್ತಾನೆ. ಉಳಿದದ್ದೆಲ್ಲ ಇವಳ ಮೇಲೆ. ಹಗಲು ಲ್ಯಾಪ್‌ಟಾಪ್ ಮುಂದೆ ಕೆಲಸ, ರಾತ್ರಿ ಅಮ್ಮನ ಹಿಂದೆ ಓಡಾಟ. ಆ ತಂಗಿ ನನ್ನ ಮುಖ ನೋಡದೇ ಕೇಳಿದಳು: "ಪಾಸ್ಟರ್, ನಿನ್ನೆ ರಾತ್ರಿ ಮೂರು ಗಂಟೆಗೆ, ಅಮ್ಮ ಬೇಗ ಹೋಗ್ಬಿಡ್ಲಿ ಅಂತ ಪ್ರಾರ್ಥನೆ ಮಾಡ್ದೆ. ನನ್ನ ರಕ್ಷಣೆ ಹೋಯ್ತಾ?"

ನಾನು ಅವತ್ತು ಉದ್ದ ಉತ್ತರ ಕೊಡಲಿಲ್ಲ. "ಇಲ್ಲಮ್ಮ, ಹೋಗಿಲ್ಲ" ಅಂದೆ. ಮನೆಗೆ ಬಂದು ಈ ಅಧ್ಯಾಯ ಓದಿದೆ. ಇವತ್ತಿನ ಪಾಠ ಆ ತಂಗಿಗೆ ನಾನು ಕೊಡಬೇಕಿದ್ದ ಪೂರ್ತಿ ಉತ್ತರ.

ಇಲ್ಲಿ ಏನಾಗ್ತಿದೆ ನೋಡಿ. ಜನ ಮನ್ನ ತಿಂದು ಬೇಜಾರಾಗಿ, ಮಾಂಸ ಬೇಕು ಅಂತ ಡೇರೆ ಬಾಗಿಲಲ್ಲಿ ಕೂತು ಅಳ್ತಿದ್ದಾರೆ. ಮೋಶೆಗೆ ಸಾಕಾಗಿಹೋಗಿದೆ. ಅವನು ದೇವರಿಗೆ ಏನು ಹೇಳ್ತಾನೆ? 12ನೇ ವಚನ ಗಮನಿಸಿ: ಇವರನ್ನೆಲ್ಲ ಹೆತ್ತದ್ದು ನಾನಾ, ಸಾಕುವವರು ಮೊಲೆಕೂಸನ್ನ ಎತ್ತಿಕೊಂಡು ಹೋಗೋ ಹಾಗೆ ಇವರನ್ನ ಎದೆಗೆ ಅವುಚಿಕೊಂಡು ಹೋಗಬೇಕಾ, ಅಂತ ಕೇಳ್ತಾನೆ. ಊಟ ಮಾಡಿಸೋದು, ಎತ್ತೋದು, ಸಮಾಧಾನ ಮಾಡೋದು, ಅದೇ ಅಳು ಮತ್ತೆ ಕೇಳೋದು. ಮನೆಯಲ್ಲಿ ವಯಸ್ಸಾದವರನ್ನ ನೋಡಿಕೊಳ್ಳೋರ ಮಾತೇ ಇದು. 14ರಲ್ಲಿ, ನಾನೊಬ್ಬನೇ ಹೊರಲಾರೆ, ಭಾರ ಜಾಸ್ತಿ ಆಯ್ತು ಅಂತಾನೆ. 15ರಲ್ಲಿ, ಹೀಗೇ ನಡೆಸೋದಾದ್ರೆ ನನ್ನನ್ನ ಕೊಂದುಬಿಡು ಅಂತಾನೆ.

ದೇವರ ಜೊತೆ ಮುಖಾಮುಖಿ ಮಾತಾಡಿದ ಮನುಷ್ಯ ಸಾವು ಕೇಳಿದ. ದೇವರು ಅವನನ್ನ ಗದರಿಸಿದ್ದು ಎಲ್ಲಾದ್ರೂ ಇದೆಯಾ? ಹುಡುಕಿ ನೋಡಿ, ಇಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯ್ತು ಅಂತ ಕೇಳಲಿಲ್ಲ. ಇನ್ನೂ ಮೂರು ದಿನ ಉಪವಾಸ ಮಾಡು ಅನ್ನಲಿಲ್ಲ. 70 ಜನ ಹಿರಿಯರನ್ನ ಕರೆದುಕೊಂಡು ಬಾ ಅಂದ. ಮೋಶೆಯ ಮೇಲಿದ್ದ ಆತ್ಮದಲ್ಲಿ ಪಾಲು ತೆಗೆದು ಅವರ ಮೇಲೆ ಇಟ್ಟ. ಯಾಕೆ? 17ನೇ ವಚನದಲ್ಲೇ ಕಾರಣ ಇದೆ, ಮೋಶೆ ಒಬ್ಬನೇ ಹೊರದೆ ಅವರೂ ಸೇರಿ ಭಾರ ಹೊರಲಿ ಅಂತ.

ನಾವು ಪೆಂಟೆಕೋಸ್ಟ್ ಜನ ಈ ಭಾಗವನ್ನ ಬಹಳ ಪ್ರೀತಿಸ್ತೀವಿ. ಆತ್ಮ ಇಳಿದ, ಪ್ರವಾದಿಸಿದರು, ಹಲ್ಲೆಲೂಯಾ. ಆದ್ರೆ ಆತ್ಮ ಇಳಿದದ್ದು ದಣಿದು ಸಾಯ್ತೀನಿ ಅಂದ ಒಬ್ಬನ ಭಾರ ಹಂಚಿಕೊಳ್ಳೋಕೆ. ಇದನ್ನ ಬಿಟ್ಟು ಅಭಿಷೇಕ, ಅಭಿಷೇಕ ಅಂತ ಹಾಡಿದ್ರೆ ಅರ್ಧ ವಾಕ್ಯ ಓದಿದ ಹಾಗೆ.

ಈಗ ಕಾಯಿಲೆಗೆ ಬರೋಣ. ನಮ್ಮಲ್ಲಿ "ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಇದೆ. ಆ ಗಾದೆ ಎಷ್ಟೋ ಜನರಿಗೆ ಸಿಗಬೇಕಿದ್ದ ಚಿಕಿತ್ಸೆ ತಪ್ಪಿಸಿದೆ. ವಯಸ್ಸಾದಾಗ ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಸಹಜ. ಕನ್ನಡಕ ಕೈಯಲ್ಲಿ ಹಿಡಿದು ಇದು ಏನಕ್ಕೆ ಅಂತ ಗೊತ್ತಾಗದೇ ಇರೋದು ಸಹಜ ಅಲ್ಲ. ಡಿಮೆನ್ಷಿಯಾ ಅನ್ನೋದು ಒಂದೇ ರೋಗದ ಹೆಸರಲ್ಲ. ಮೆದುಳಿನ ಬೇರೆ ಬೇರೆ ರೋಗಗಳಿಂದ ನೆನಪು, ಮಾತು, ವಿವೇಚನೆ, ದಿನದ ಕೆಲಸ ಎಲ್ಲ ಕುಗ್ಗುತ್ತಾ ಹೋಗುವ ಸ್ಥಿತಿ. ಅದರಲ್ಲಿ ಹೆಚ್ಚು ಕಾಣೋದು ಅಲ್‌ಝೈಮರ್. 1906ರಲ್ಲಿ ಅಲೋಯಿಸ್ ಅಲ್‌ಝೈಮರ್ ಅನ್ನೋ ಜರ್ಮನ್ ವೈದ್ಯ ಇದನ್ನ ಮೊದಲು ವಿವರಿಸಿದ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4, ಅಂದ್ರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಈ ಹಾಲ್‌ನಲ್ಲಿ ಕೂತಿರೋ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗಲೇ ಇದೆ, ಹೊರಗೆ ಹೇಳಿಲ್ಲ ಅಷ್ಟೇ.

ಅದಕ್ಕೇ ಮೊದಲು ಡಾಕ್ಟರ್ ಹತ್ರ ಹೋಗಿ. ವಿಟಮಿನ್ ಬಿ12 ಕಡಿಮೆ ಆದ್ರೆ, ಥೈರಾಯ್ಡ್ ಏರುಪೇರಾದ್ರೆ, ಖಿನ್ನತೆ ಬಂದ್ರೆ, ಬಿದ್ದು ತಲೆಯೊಳಗೆ ರಕ್ತ ನಿಂತ್ರೆ, ಕೆಲವು ಮಾತ್ರೆಗಳಿಂದ ಕೂಡ, ಮರೆವು ಬರುತ್ತೆ, ಅದನ್ನ ಸರಿಪಡಿಸೋಕಾಗುತ್ತೆ. ಅಲ್‌ಝೈಮರ್ ವಾಸಿ ಮಾಡೋ ಔಷಧ ಇನ್ನೂ ಇಲ್ಲ. ಡೊನೆಪೆಜಿಲ್ ತರಹದ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಸಹಾಯ ಮಾಡ್ತವೆ. ಇನ್ನೊಂದು ಮಾತು, ಇದನ್ನ ಬರೆದುಕೊಳ್ಳಿ: ನಿನ್ನೆವರೆಗೂ ಒಂದು ಮಟ್ಟದಲ್ಲಿದ್ದವರು ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ತೀರಾ ಗೊಂದಲಕ್ಕೆ ಬಿದ್ರೆ, ಅದು ಕಾಯಿಲೆ ಜಾಸ್ತಿ ಆಯ್ತು ಅಂತ ಸುಮ್ಮನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದೇ ಇರೋದು, ಹೊಸ ಮಾತ್ರೆ, ಏನಾದ್ರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

"ಪಾಸ್ಟರ್, ಪ್ರಾರ್ಥನೆ ಮಾಡೋದು ಬೇಡವಾ?" ಮಾಡೋಣ. ನಾನು ಸ್ವಸ್ಥತೆಗಾಗಿ ಪ್ರಾರ್ಥಿಸ್ತೀನಿ, ನಿಲ್ಲಿಸಲ್ಲ. ಆದ್ರೆ ಪ್ರಾರ್ಥನೆ ಆಯ್ತು, ಇನ್ನು ಮಾತ್ರೆ ಬೇಡ ಅಂತ ನಮ್ಮ ಸಭೆಯಲ್ಲಿ ಯಾರೂ ಯಾರಿಗೂ ಹೇಳಕೂಡದು. ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂದ್ರೆ, ನಾನೊಂದು ತಪ್ಪು ಮಾಡಿದ್ದೀನಿ.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ಸೇವೆಗೆ ಹೊಸಬ, ಬೇರೆ ಸಭೆಯಲ್ಲಿದ್ದೆ. ಒಬ್ಬ ಅಜ್ಜಿಗೆ ಮನೆಯಲ್ಲಿ ಚಿಕ್ಕ ಮಕ್ಕಳು ಕಾಣಿಸ್ತಿದ್ರು. ಬೀರು ಪಕ್ಕದಲ್ಲಿ ಕೂತಿದ್ದಾರೆ, ಇಬ್ಬರು, ಮಾತಾಡಲ್ಲ ಅಂತಿದ್ರು. ಬೆಳಿಗ್ಗೆ ತಮ್ಮ ತಟ್ಟೆಯಿಂದ ಇಡ್ಲಿ ತೆಗೆದು ನೆಲದ ಮೇಲೆ ಆ ಮಕ್ಕಳಿಗೆ ಇಡ್ತಿದ್ರು. ಮನೆಯವರು ಹೆದರಿ ನಮ್ಮನ್ನ ಕರೆದರು. ನಾವು ಮೂರು ದಿನ ಉಪವಾಸ ಮಾಡಿ ಎಂಟು ಜನ ಹೋದ್ವಿ. ಅಜ್ಜಿಯನ್ನ ಮಧ್ಯೆ ಕೂರಿಸಿ, ತಲೆ ಮೇಲೆ ಕೈಯಿಟ್ಟು, ಗಟ್ಟಿ ಸ್ವರದಲ್ಲಿ ದುರಾತ್ಮವನ್ನ ಗದರಿಸಿದ್ವಿ. ಅವರು ಗಡಗಡ ನಡುಗಿದರು. ನಾವು ಅದನ್ನ ಗುರುತು ಅಂದ್ಕೊಂಡು ಇನ್ನೂ ಜೋರು ಮಾಡಿದ್ವಿ. ಅಜ್ಜಿ ನನ್ನ ಕೈ ಹಿಡಿದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಅಪ್ಪಾ, ಆ ಮಕ್ಕಳನ್ನ ಯಾಕೆ ಬೈತೀಯ? ಅವೇನು ಮಾಡಿದ್ವು?"

ಆಮೇಲೆ ಅಜ್ಜಿ ಮಕ್ಕಳ ಸುದ್ದಿ ಎತ್ತಲಿಲ್ಲ. ನಾವು ಬಿಡುಗಡೆ ಆಯ್ತು ಅಂತ ಸಾಕ್ಷಿ ಹೇಳಿದ್ವಿ, ಚಪ್ಪಾಳೆ ತಟ್ಟಿದ್ವಿ. ಒಂದು ವರ್ಷದ ಮೇಲೆ ಅವರು ಬಿದ್ದು ಆಸ್ಪತ್ರೆಗೆ ಸೇರಿದಾಗ ನರರೋಗ ತಜ್ಞರು ಪರೀಕ್ಷೆ ಮಾಡಿ, ಇದು ಲೂಯಿ ಬಾಡಿ ಡಿಮೆನ್ಷಿಯಾ ಅಂದ್ರಂತೆ. ಅದರಲ್ಲಿ ಇಲ್ಲದ ಜನ, ಮಕ್ಕಳು, ಪ್ರಾಣಿಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣೋದು ಒಂದು ಮುಖ್ಯ ಲಕ್ಷಣ. ನಡಿಗೆ ನಿಧಾನ ಆಗುತ್ತೆ, ಒಂದು ದಿನ ಚುರುಕು ಇನ್ನೊಂದು ದಿನ ಮಂಕು, ನಿದ್ದೆಯಲ್ಲಿ ಕೈಕಾಲು ಬಡಿಯೋದು. ಮನೋರೋಗಕ್ಕೆ ಕೊಡೋ ಕೆಲವು ಔಷಧಗಳು ಇವರಿಗೆ ಅಪಾಯ, ಅದಕ್ಕೇ ಸರಿಯಾದ ರೋಗ ಗುರುತಿಸೋದು ಮುಖ್ಯ. ಅಜ್ಜಿಗೆ ಮಕ್ಕಳು ಆ ವರ್ಷ ಪೂರ್ತಿ ಕಾಣಿಸ್ತಾನೇ ಇದ್ದರಂತೆ. ನಮ್ಮ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ರು.

ಕ್ಷಮೆ ಕೇಳೋಕೆ ಹೋದೆ. ಅವರಿಗೆ ನಾನು ಯಾರು ಅಂತ ಗೊತ್ತಾಗಲಿಲ್ಲ. "ಊಟ ಆಯ್ತಾ ಮಗಾ?" ಅಂದ್ರು. ಮಾಡಿದ್ದು ನೆನಪಿಲ್ಲದವರ ಹತ್ರ ಕ್ಷಮೆ ಕೇಳೋದು ಹೇಗೆ? ಆದ್ರೂ ಕೇಳಿದೆ, ಮಗ-ಸೊಸೆ ಮುಂದೆ ಕೇಳಿದೆ. ಇವತ್ತು ನಿಮ್ಮ ಮುಂದೆ ಹೇಳ್ತಿದ್ದೀನಿ. ದುರಾತ್ಮಗಳಿವೆ ಅಂತ ನಾನು ನಂಬ್ತೀನಿ. ಆದ್ರೆ ಯೇಸಪ್ಪ ರೋಗಿಗಳನ್ನ ಬೇರೆ, ದೆವ್ವ ಹಿಡಿದವರನ್ನ ಬೇರೆ ಅಂತ ನೋಡಿದರು, ಸುವಾರ್ತೆಗಳಲ್ಲಿ ಎರಡನ್ನೂ ಬೇರೆ ಬೇರೆ ಬರೆದಿದೆ. ನಾನು ನೋಡಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಹೀಗೆ ಕಾಣಿಸಿದ್ರೆ, ಅವರಿಗೆ ಹೆದರಿಕೆ ಇಲ್ಲದಿದ್ರೆ ವಾದ ಬೇಡ. ಹೆದರಿದ್ರೆ ದೀಪ ಹಾಕಿ, ನೆರಳು ಬೀಳೋ ಬಟ್ಟೆ ತೆಗೀರಿ, ಕನ್ನಡಿ ಮುಚ್ಚಿ, ಪಕ್ಕದಲ್ಲಿ ಕೂತು ಕೈ ಹಿಡೀರಿ. ಡಾಕ್ಟರಿಗೆ ತಿಳಿಸಿ.

ಸರಿ. ಮನೆಯಲ್ಲಿ ಇರೋದು ಹೇಗೆ? ನಾವೆಲ್ಲ ಮಾಡೋ ಒಂದು ಕೆಟ್ಟ ಅಭ್ಯಾಸ ಇದೆ. ತಾತನ ಮುಂದೆ ಬಗ್ಗಿ ನಿಂತು, "ನಾನು ಯಾರು ಹೇಳಿ ನೋಡೋಣ?" ಬಂದ ನೆಂಟರೆಲ್ಲ ಇದೇ ಪರೀಕ್ಷೆ ಇಡ್ತಾರೆ. ಫೇಲಾದ ನೋವು ಅವರ ಮುಖದಲ್ಲಿ ಕಾಣುತ್ತೆ. ಹಾಗೆ ಮಾಡಬೇಡಿ. ನೀವೇ ಹೇಳಿ: "ತಾತಾ, ನಾನು ನಿಮ್ಮ ದೊಡ್ಡ ಮಗಳ ಮಗ, ನಿಮ್ಮನ್ನ ನೋಡೋಕೆ ಬಂದೆ." ಒಂದು ಸಲಕ್ಕೆ ಒಂದೇ ಮಾತು. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ನಿಧಾನ.

ಸಂಜೆ ಆದ್ರೆ ಹಲವರಿಗೆ ತಳಮಳ ಜಾಸ್ತಿ. "ಮನೆಗೆ ಹೋಗ್ಬೇಕು, ಬಿಡಿ" ಅಂತ ಚಿಲಕ ಎಳೀತಾರೆ. ಇದೇ ನಿಮ್ಮ ಮನೆ ಅಂದ್ರೆ ಜಗಳ ಶುರು. ಅವರು ಕೇಳ್ತಿರೋ ಮನೆ ವಿಳಾಸ ಇರೋ ಮನೆ ಅಲ್ಲ, ನೆಮ್ಮದಿ ಇದ್ದ ಒಂದು ಕಾಲ. "ನಿಮ್ಮ ಮನೆಯಲ್ಲಿ ಬಾವಿ ಇತ್ತಾ? ಅಂಗಳದಲ್ಲಿ ಏನು ಗಿಡ ಇತ್ತು?" ಅಂತ ಕೇಳಿ. ಕಾಫಿ ಕೊಡಿ. ಸಾಧ್ಯ ಆದ್ರೆ ಜೊತೆಯಲ್ಲೇ ಬೀದಿ ಕೊನೆವರೆಗೂ ನಡೆದು ವಾಪಸ್ ಬನ್ನಿ. ಅವರ ಜೇಬಿನಲ್ಲಿ ಹೆಸರು, ಮನೆಯವರ ಫೋನ್ ನಂಬರ್ ಇರೋ ಚೀಟಿ ಯಾವಾಗಲೂ ಇರಲಿ. ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಬಚ್ಚಲಿಗೆ ಹೋಗೋ ದಾರಿಯಲ್ಲಿ ಒಂದು ಸಣ್ಣ ದೀಪ ಉರೀತಿರಲಿ.

ಹೋದ ಸಲ ಒಬ್ಬ ತಮ್ಮ ಕೇಳಿದ: "ಅಜ್ಜಿ ದಿನಾ ತಾತ ಎಲ್ಲಿ ಅಂತ ಕೇಳ್ತಾರೆ. ತಾತ ತೀರಿಕೊಂಡು ಆರು ವರ್ಷ ಆಯ್ತು. ಹೊರಗೆ ಹೋಗಿದ್ದಾರೆ ಅಂದ್ರೆ ಸುಳ್ಳಲ್ವಾ?" ಒಳ್ಳೆ ಪ್ರಶ್ನೆ. ಪ್ರತಿ ಸಲ "ಸತ್ತುಹೋದ್ರು" ಅಂದ್ರೆ ಅವರಿಗೆ ಪ್ರತಿ ಸಲವೂ ಅದು ಹೊಸ ಸಾವು. ದಿನಕ್ಕೆ ಐದು ಸಲ ವಿಧವೆ ಆಗ್ತಾರೆ. ಸುಳ್ಳೂ ಹೇಳಬೇಕಾಗಿಲ್ಲ. "ತಾತನ ನೆನಪಾಯ್ತಾ ಅಜ್ಜಿ? ಅವರಿಗೆ ನಿಮ್ಮ ಕೈ ಯಾವ ಅಡುಗೆ ಇಷ್ಟ?" ಅಂತ ಕೇಳಿ. ಅವರು ಹುಡುಕ್ತಿರೋದು ಮಾಹಿತಿ ಅಲ್ಲ. ಕೆಲವು ದಿನ ಇದೂ ನಡೆಯಲ್ಲ, ಆಗ ಏನಾದ್ರೂ ಒಂದು ಹೇಳಿ ಸಮಾಧಾನ ಮಾಡಿದ್ರೆ ದೇವರು ನಿಮ್ಮನ್ನ ಹಿಡಿದು ನಿಲ್ಲಿಸ್ತಾನೆ ಅಂತ ನನಗೆ ಅನ್ನಿಸಲ್ಲ. ಒಪ್ಪದೇ ಇರೋರು ಆಮೇಲೆ ಬನ್ನಿ, ಮಾತಾಡೋಣ.

ಹಾಡು. ನೆನಪು ಹೋದ ಮೇಲೂ ಹಾಡು ಬಹಳ ಕಾಲ ಉಳಿಯುತ್ತೆ. ಮಗನ ಹೆಸರು ಮರೆತ ತಾಯಿ ಚಿಕ್ಕಂದಿನ ಕೀರ್ತನೆಯ ನಾಲ್ಕು ಚರಣ ತಪ್ಪಿಲ್ಲದೆ ಹಾಡೋದನ್ನ ಕಣ್ಣಾರೆ ನೋಡಿದ್ದೀನಿ. ಆದ್ರೆ ನಿಮ್ಮ ಹೊಸ ವರ್ಷಿಪ್ ಹಾಡು ಅವರಿಗೆ ಗೊತ್ತಿಲ್ಲ, ಅವರ ಹಳೇ ಕೀರ್ತನೆ ನೀವು ಕಲೀರಿ. ಕರ್ತನ ಭೋಜನದ ಬಗ್ಗೆ ಕೂಡ ಕೇಳ್ತಾರೆ, ತನ್ನನ್ನ ತಾನು ಪರೀಕ್ಷಿಸಿಕೊಳ್ಳೋಕೆ ಆಗದವರಿಗೆ ಕೊಡಬಹುದಾ ಅಂತ. ಯೆಶಾಯ 49:15 ಏನು ಹೇಳುತ್ತೆ? ತಾಯಿ ಮರೆತರೂ ತಾನು ಮರೆಯೋದಿಲ್ಲ ಅಂತ ದೇವರು ಹೇಳ್ತಾನೆ. ನಮ್ಮ ಸಂಬಂಧ ನಿಂತಿರೋದು ನಮ್ಮ ಜ್ಞಾಪಕಶಕ್ತಿ ಮೇಲೆ ಅಲ್ಲ. ನಾನು ಮನೆಗೆ ಹೋಗಿ ಕೊಡ್ತೀನಿ. ರೊಟ್ಟಿಯನ್ನ ರಸದಲ್ಲಿ ಚೆನ್ನಾಗಿ ನೆನೆಸಿ, ನೆಟ್ಟಗೆ ಕೂರಿಸಿ, ಚೂರು ಕೊಡ್ತೀನಿ, ಯಾಕಂದ್ರೆ ಕಾಯಿಲೆ ಮುಂದುವರೆದಾಗ ನುಂಗೋದು ಕಷ್ಟ. ಮಾತು ಪೂರ್ತಿ ಹೋದವರ ಪಕ್ಕ ಕೂತಾಗ ರೋಮಾಪುರದವರಿಗೆ 8:26 ನೆನಪಾಗುತ್ತೆ, ಮಾತಿಲ್ಲದ ನರಳಾಟದಲ್ಲಿ ಆತ್ಮನೇ ಬೇಡ್ತಾನೆ ಅನ್ನೋದು. ಭಾಷೆಗೆ ಮೀರಿದ ಪ್ರಾರ್ಥನೆ ಇದೆ ಅಂತ ನಂಬೋ ನಾವು ಅವರನ್ನ ಪ್ರಾರ್ಥನೆ ಮಾಡಲಾರದವರು ಅಂತ ಹೇಗೆ ಅನ್ನೋದು?

ಇಲ್ಲಿ ಒಂದು ಕಹಿ ಮಾತೂ ಹೇಳಿಬಿಡ್ತೀನಿ. ಇಸಾಕನ ಕಣ್ಣು ಮಂಜಾದಾಗ ಮನೆಯವರೇ ಅವನನ್ನ ಮೋಸ ಮಾಡಿದರು. ಇವತ್ತು ಆಶೀರ್ವಾದದ ಬದಲು ಹೆಬ್ಬೆಟ್ಟು. ಏನು ಬರೆದಿದೆ ಅಂತ ಗೊತ್ತಾಗದ ತಂದೆ ಹತ್ರ ಸೈಟಿನ ಕಾಗದಕ್ಕೆ ರುಜು ಹಾಕಿಸೋ ವಿಶ್ವಾಸಿ ಮಕ್ಕಳಿದ್ದಾರೆ. ಮಾರ್ಕ 7ರಲ್ಲಿ ಕೊರ್ಬಾನ್ ಅಂತ ಹೇಳಿ ತಂದೆತಾಯಿಗೆ ಕೊಡೋದನ್ನ ತಪ್ಪಿಸಿದವರಿಗೆ ಯೇಸು ಏನಂದ ಅಂತ ಓದಿ. ಸೇವೆ ಇದೆ, ಕ್ಯಾಂಪ್ ಇದೆ, ಅಮ್ಮನ್ನ ನೋಡೋಕೆ ತಂಗಿ ಇದ್ದಾಳಲ್ಲ ಅನ್ನೋ ಅಣ್ಣಂದಿರೂ ಓದಿ.

ಈಗ ಮತ್ತೆ ಅರಣ್ಯಕಾಂಡ 11. 26ನೇ ವಚನ. ಗುಡಾರದ ಹತ್ರ ಬರದೇ ಪಾಳೆಯದಲ್ಲೇ ಉಳಿದ ಇಬ್ಬರಿದ್ದಾರೆ, ಎಲ್ದಾದ್ ಮತ್ತು ಮೇದಾದ್. ಪಟ್ಟಿಯಲ್ಲಿ ಅವರ ಹೆಸರಿತ್ತು, ಆದ್ರೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಬೈಬಲ್ ಹೇಳಲ್ಲ. ಆತ್ಮ ಏನು ಮಾಡಿದ? ಅವರು ಇದ್ದಲ್ಲಿಗೇ ಬಂದ. ಮೀಟಿಂಗ್ ತಪ್ಪಿಸಿದ್ರಲ್ಲ ಅಂತ ಬಿಟ್ಟುಹೋಗಲಿಲ್ಲ. ಅವರನ್ನ ತಡೀಬೇಕು ಅಂತ ಯೆಹೋಶುವ ಹೇಳಿದ್ರೂ ಮೋಶೆ ಒಪ್ಪಲಿಲ್ಲ.

ಆ ತಂಗಿ ನಾಲ್ಕು ತಿಂಗಳು ಆರಾಧನೆಗೆ ಬಂದಿರಲಿಲ್ಲ. ನಮ್ಮವರೇ ಅವಳಿಗೆ ಮೆಸೇಜ್ ಹಾಕಿದ್ರು, "ಹಿಂಜರಿದು ಹೋಗಬೇಡ ಸಿಸ್ಟರ್" ಅಂತ. ಅಮ್ಮನಿಗೆ ಸ್ನಾನ ಮಾಡಿಸೋಕೆ ಒಂದು ಗಂಟೆ, ಊಟಕ್ಕೆ ಒಂದು ಗಂಟೆ, ಬಟ್ಟೆ ಬದಲಾಯಿಸೋದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಅವಳು ಪಾಳೆಯದಲ್ಲಿದ್ದಳು. ದೇವರು ಅಲ್ಲಿದ್ದ. ಅಲ್ಲಿಗೆ ಹೋಗದವರು ನಾವು.

ಹೋದ ವರ್ಷ ಎರಡು ಮನೆಗೆ ಯುವಕರ ತಂಡ ಕಳಿಸೋಕೆ ಶುರು ಮಾಡಿದ್ವಿ. ಮೊದಲನೇ ಸಲ ಆರು ಜನ ಗಿಟಾರ್ ಹಿಡಿದು ಹೋಗಿ, ತಾತ ಗಾಬರಿಯಾಗಿ ಮಂಚದ ಕೆಳಗೆ ಅಡಗಿಕೊಂಡ್ರು. ಮನೆಯವರು ನಮಗೆ ಚಹಾ ಮಾಡೋಕೆ ನಿಂತ್ರು. ಅಂದ್ರೆ ಭಾರ ಇನ್ನೂ ಜಾಸ್ತಿ ಮಾಡಿ ಬಂದ್ವಿ! ಈಗ ಇಬ್ಬರೇ ಹೋಗ್ತಾರೆ, ಪ್ರತಿ ವಾರ ಅದೇ ಇಬ್ಬರು, ಅದೇ ಹೊತ್ತಿಗೆ, ಎರಡು ಗಂಟೆ. ಹೆಂಗಸರಿದ್ದ ಮನೆಗೆ ಅಕ್ಕತಂಗಿಯರು. ಆ ಎರಡು ಗಂಟೆ ನೋಡಿಕೊಳ್ಳೋರು ಮಲಗಲಿ, ಸಲೂನಿಗೆ ಹೋಗಲಿ, ಸುಮ್ಮನೆ ಪಾರ್ಕಲ್ಲಿ ಕೂರಲಿ. ಏನು ಮಾಡಿದ್ರಿ ಅಂತ ಕೇಳಬೇಡಿ. 1 ಅರಸುಗಳು 19ರಲ್ಲಿ ಸಾವು ಕೇಳಿದ ಎಲೀಯನಿಗೂ ದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನಿದ್ದೆ; ಮಾತು ಆಮೇಲೆ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನೋ ಮಾತನ್ನ ಇವತ್ತಿಂದ ಬಿಟ್ಟುಬಿಡಿ, ದಣಿದವರಿಗೆ ಏನು ಬೇಕು ಅಂತ ಯೋಚಿಸೋ ಶಕ್ತಿಯೂ ಇರಲ್ಲ. "ಗುರುವಾರ ಸಾರು ತರ್ತೀನಿ, ಡಬ್ಬಿ ವಾಪಸ್ ಕೊಡೋದು ಬೇಡ" ಅನ್ನಿ.

ಹೊರಗಿನ ಸಹಾಯ ತಗೊಳ್ಳೋದು ಅವಿಶ್ವಾಸ ಅಲ್ಲ. ನಿಮ್ಹಾನ್ಸ್‌ನಲ್ಲಿ ವಯೋವೃದ್ಧರಿಗೆ ಪ್ರತ್ಯೇಕ ಕ್ಲಿನಿಕ್ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನಲ್ಲಿ ಡಿಮೆನ್ಷಿಯಾ ಇರೋರಿಗಾಗಿಯೇ ಕೇಂದ್ರ ನಡೆಸುತ್ತೆ. ಹಿರಿಯರಿಗೆ ಸಂಬಂಧಪಟ್ಟ ಯಾವುದೇ ವಿಷಯಕ್ಕೆ ಸರ್ಕಾರದ ಎಲ್ಡರ್ ಲೈನ್ 14567 ಇದೆ. ನೋಡಿಕೊಳ್ಳೋ ನಿಮಗೇ ಮನಸ್ಸು ಕುಸಿದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಕೈ ಎತ್ತಿ ಹೊಡೆಯೋ ಮಟ್ಟಕ್ಕೆ ಕೋಪ ಬಂದ್ರೆ, ಅವರು ಸುರಕ್ಷಿತವಾಗಿದ್ದಾರೆ ಅಂತ ನೋಡಿ, ಬಾಗಿಲ ಹೊರಗೆ ಬಂದು ನಿಲ್ಲಿ, ನನಗೆ ಫೋನ್ ಮಾಡಿ. ರಾತ್ರಿ ಮೂರು ಗಂಟೆ ಆದ್ರೂ ಮಾಡಿ. ಮನೆಯಲ್ಲೇ ಇಟ್ಟುಕೊಳ್ಳೋಕೆ ಆಗದೇ ಆರೈಕೆ ಕೇಂದ್ರಕ್ಕೆ ಸೇರಿಸಿದವರನ್ನೂ ಈ ಸಭೆಯಲ್ಲಿ ಯಾರೂ ತೀರ್ಪು ಮಾಡಕೂಡದು.

ಹಿಂದಿನ ಮೇಜಿನ ಮೇಲೆ ಒಂದು ಹಾಳೆ ಇದೆ. ಈಗ ನಾಲ್ಕು ಮನೆಗಳು ಕೇಳಿವೆ, ನಮ್ಮ ಹತ್ರ ಐದು ಜನ ಇದ್ದಾರೆ. 70 ಬೇಡ, ಇನ್ನು ಮೂವರು ಸಿಕ್ಕಿದ್ರೆ ಸಾಕು. ಆರು ತಿಂಗಳು ಬಿಡದೇ ಹೋಗೋ ಹಾಗಿದ್ರೆ ಮಾತ್ರ ಹೆಸರು ಬರೀರಿ. ನಿಮ್ಮ ಮನೆಗೇ ಜನ ಬೇಕಿದ್ರೆ ಹಾಳೆಯಲ್ಲಿ ಬರೆಯೋದು ಬೇಡ, ನನಗೋ ಪಾಸ್ಟರ್ ಅಮ್ಮನಿಗೋ ಹೇಳಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ತಂದೆಯೇ, ಈ ಹೊತ್ತಿನಲ್ಲಿ ಚಿಲಕ ಹಾಕಿ, ಬಾಗಿಲ ಹತ್ರ ಕೂತಿರುವ ಮಕ್ಕಳನ್ನು ನೋಡಪ್ಪಾ. ನಿನ್ನೆ ರಾತ್ರಿ ಸಾವು ಕೇಳಿದವಳ ಮೇಲೆ ಕೋಪಿಸಿಕೊಳ್ಳದ ದೇವರೇ, ನಿನಗೆ ಸ್ತೋತ್ರ. ತನ್ನ ಹೆಸರೇ ಮರೆತ ನಮ್ಮ ಅಮ್ಮಂದಿರ, ತಾತಂದಿರ ಹೆಸರು ನಿನ್ನ ಅಂಗೈಯಲ್ಲಿರಲಿ. ನಾವು ನೋಯಿಸಿದ ಆ ಅಜ್ಜಿಗಾಗಿ ನನ್ನನ್ನು ಕ್ಷಮಿಸು. ಇವತ್ತು ರಾತ್ರಿ ಆ ತಂಗಿಗೂ ಅವಳ ಅಮ್ಮನಿಗೂ ನಿದ್ದೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.